ಅಗ್ಗದ ಚೀಟಿ

ಅವರು ಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ಅವರ ತಿಥಿಯ ದಿನಗಳೂ ಮುಗಿದುಹೋಗಿದ್ದವು. ತಳಕಿನಲ್ಲಿ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಚಳ್ಳಕೆರೆಯವನೊಬ್ಬ, 'ಕಲ್ಲಚ್ಚಿನ ಮೇಷ್ಟ್ರು ತೀರ್ಕೊಂಡ್ರು, ನಿಮಗೆ ಗುರುತಿದ್ರಲ್ಲ' ಎಂದ. ಅಷ್ಟು ಹೇಳಿ ಬೆಲ್ಲದ ಧಾರಣೆ ಕೇಳಿದ. ಧಾರಣೆ ಹೇಳಿದೆ. ಆಮೇಲೆ ಒಳಗೆ ಹೋಗಿ ಕೂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದ್ದೆ. 'ಆ ಹೆಸರು ಒಂದ್ಸಲ ಬೀದಿಗೆ ಬಿದ್ದಿದ್ದು ಸಾಕು' ಎಂದರು. ಹಾಗೆನ್ನುವ ಹಕ್ಕು ಅವರಿಗಿತ್ತು. ಅದು ಬೀದಿಗೆ ಬೀಳಲು ಕಾರಣನಾದವನು ನಾನು.

ಅವರನ್ನು ಮೊದಲು ಕಂಡದ್ದು ಮೊಳಕಾಲ್ಮೂರಿನಲ್ಲಿ, ರೇಷ್ಮೆ ಸೀರೆಯ ಸಾಹುಕಾರರೊಬ್ಬರ ಮಳಿಗೆಯಲ್ಲಿ. ನಾನಲ್ಲಿ ಗುಮಾಸ್ತನಾಗಿದ್ದೆ. ಸುತ್ತಲಿನ ಹತ್ತಾರು ಊರುಗಳ ಮಗ್ಗದ ಮನೆಗಳಿಂದ ಬಂದ ಸೀರೆ, ಕುಪ್ಪಸದ ಕಣಗಳನ್ನು ಪರೀಕ್ಷೆ ಮಾಡಿ, ಮಡಿಸಿ, ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಚೀಟಿ ಅಂಟಿಸಿ ಬಳ್ಳಾರಿಗೋ ಬೆಂಗಳೂರಿಗೋ ಕಳಿಸುವುದು ಅಲ್ಲಿನ ಕೆಲಸ. ಚೀಟಿ ಎಂದರೆ ಈಗ ಲೇಬಲ್ಲು ಎನ್ನುತ್ತಾರಲ್ಲ, ಅದೇ. ಅಂಗೈ ಅಗಲದ ಕಾಗದ. ಕಮಲದ ಮೇಲೆ ಕೂತ ಲಕ್ಷ್ಮಿ, ಐದು ಬಣ್ಣ, ಸುತ್ತ ಚಿನ್ನದ ಅಂಚು. ಬೊಂಬಾಯಿಯಿಂದ ಅಚ್ಚಾಗಿ ಬರುತ್ತಿತ್ತು. ಸೀರೆ ಉಟ್ಟು ಹರಿದ ಮೇಲೂ ಹಳ್ಳಿಯ ಹೆಂಗಸರು ಆ ಚೀಟಿಯನ್ನು ಗೋಡೆಗೆ ಅಂಟಿಸಿ ಕುಂಕುಮ ಇಡುತ್ತಿದ್ದರು.

ಜರ್ಮನಿಯವರ ಯುದ್ಧ ಹತ್ತಿಕೊಂಡ ಮೇಲೆ ಬಣ್ಣ ಬರುವುದು ನಿಂತಿತು, ಕಾಗದ ತುಟ್ಟಿಯಾಯಿತು. 'ಜನ ಸೀರೆ ಉಡ್ತಾರೋ ಚೀಟಿ ಉಡ್ತಾರೋ' ಎಂದು ಸಾಹುಕಾರರು ದಿನಾ ಗೊಣಗುತ್ತಿದ್ದರು. ಚೀಟಿ ಬಿಟ್ಟುಬಿಡೋಣವೆಂದರೆ, ಚೀಟಿಯಿಲ್ಲದ ಸೀರೆಯನ್ನು ಬಳ್ಳಾರಿಯ ವರ್ತಕರು ಮುಟ್ಟುತ್ತಿರಲಿಲ್ಲ. ಆಗ ಯಾರೋ ಈ ಮನುಷ್ಯರ ಸುದ್ದಿ ಹೇಳಿದರು. ಬಳ್ಳಾರಿಯ ಕಲ್ಲಚ್ಚಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಅದು ಮುಚ್ಚಿದಾಗ ಹಳೆಯ ಕೈಯಂತ್ರವನ್ನೂ ನಾಲ್ಕು ಕಲ್ಲುಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಚಳ್ಳಕೆರೆಯ ತಮ್ಮ ಮನೆಗೆ ತಂದಿದ್ದಾರೆ. ಈಗ ಮದುವೆಯ ಪತ್ರಿಕೆ ಹಾಕಿಕೊಂಡಿದ್ದಾರೆ ಎಂದು.

ಹೇಳಿಕಳಿಸಿದ ನಾಲ್ಕನೆಯ ದಿನ ಬಂದರು. ಎತ್ತರದ ಆಳು, ಕಲ್ಲಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಾಗಿತ್ತು. ಉಗುರಿನ ಸಂದಿಯಲ್ಲಿ ಮಸಿ. ಕೊರಳಿನ ದಾರದಲ್ಲಿ ಒಂದು ಭೂತಗನ್ನಡಿ. ಎಡಗಣ್ಣನ್ನು ಸದಾ ಅರ್ಧ ಮುಚ್ಚಿರುತ್ತಿದ್ದರು. ಕಾಗದ ಕೈಗೆ ಬಂದರೆ ಒಂದು ಮೂಲೆಯನ್ನು ನಾಲಿಗೆಯ ತುದಿಗೆ ತಾಕಿಸಿ, ಯಾವ ಮಗ್ಗುಲು ಮಸಿ ಹಿಡಿಯುತ್ತದೆಂದು ಹೇಳುತ್ತಿದ್ದರು. ಕಲ್ಲಿನ ಮೇಲೆ ಅಕ್ಷರವನ್ನು ತಿರುವುಮುರುವಾಗಿ ಬರೆಯಬೇಕು, ಅಚ್ಚಾದಾಗ ನೆಟ್ಟಗಾಗುತ್ತದೆ. ಆ ಅಭ್ಯಾಸ ಅವರಿಗೆ ಎಷ್ಟು ಹತ್ತಿತ್ತೆಂದರೆ, ಒಮ್ಮೆ ನೋಂದಣಿ ಕಚೇರಿಯಲ್ಲಿ ಮೈಮರೆತು ರುಜುವನ್ನೂ ಉಲ್ಟಾ ಹಾಕಿದ್ದರಂತೆ. ಅಲ್ಲಿನ ಗುಮಾಸ್ತ ಕನ್ನಡಿ ತರಿಸಿ ಓದಿದನಂತೆ. ಇದನ್ನು ನನಗೆ ಹೇಳಿದವರು ಅವರೇ, ನಗದೆ.

ಬೊಂಬಾಯಿಯ ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, 'ಚೀಟಿ ಸೀರೆಗಿಂತ ಚೆನ್ನಾಗಿದ್ರೆ ಕೊಳ್ಳೋರಿಗೆ ಸೀರೆ ಮ್ಯಾಲೆ ಅನುಮಾನ ಬರ್ತೈತ್ರಿ' ಎಂದರು. ಸಾಹುಕಾರರಿಗೆ ಆ ಮಾತು ಹಿಡಿಸಿತು. ಕೆಲಸ ಅವರಿಗೇ ಆಯಿತು.

ಚಿನ್ನದ ಅಂಚು ಹೋಯಿತು. ಐದು ಬಣ್ಣ ಎರಡಾಯಿತು. ಕೆಂಪಿನ ಮೇಲೆ ಹಳದಿ ಬಿದ್ದ ಕಡೆ ಮೂರನೆಯ ಬಣ್ಣ ತಾನಾಗಿ ಹುಟ್ಟುತ್ತಿತ್ತು. ಚೀಟಿಯನ್ನು ಒಂದು ಬೆರಳು ಕಿರಿದು ಮಾಡಿ, ಅಡ್ಡಡ್ಡ ಜೋಡಿಸಿ, ಹದಿನಾರು ಚೀಟಿ ಬರುತ್ತಿದ್ದ ಕಾಗದದ ತಾವಿನಲ್ಲಿ ಇಪ್ಪತ್ತನಾಲ್ಕು ತೆಗೆದರು. ಕತ್ತರಿಸಿದ ಮೇಲೆ ನೆಲದ ಮೇಲೆ ಉಗುರಿನಷ್ಟು ಚೂರೂ ಬೀಳುತ್ತಿರಲಿಲ್ಲ. ಲಕ್ಷ್ಮಿಯ ಮುಖ ಮಾತ್ರ ಕೆಡಲಿಲ್ಲ. ಚೀಟಿಯ ಕೆಳಮೂಲೆಯಲ್ಲಿ ನೇಯ್ದವರ ಹೆಸರು ಬರೆಯಲು ಒಂದು ಖಾಲಿ ಗೆರೆ ಇರುತ್ತಿತ್ತು. ಅದನ್ನೂ ತೆಗೆಯಿರಿ ಎಂದು ಸಾಹುಕಾರರು ಹೇಳಿದಾಗ ಅವರು ಒಪ್ಪಲಿಲ್ಲ. ಗೆರೆಗೆ ಖರ್ಚಿಲ್ಲ, ನೇಯ್ದವರ ಹೆಸರು ಇರಲಿ ಎಂದರು. ಸಾಹುಕಾರರ ಮಾತಿಗೆ ಅವರು ಎದುರಾಡಿದ್ದು ಅದೇ ಮೊದಲು.

ಹದಿನೈದು ದಿನಕ್ಕೊಮ್ಮೆ ಚೀಟಿಯ ಕಟ್ಟು ಹೊತ್ತು ಬರುತ್ತಿದ್ದರು. ತಳಕಿನವರೆಗೆ ಯಾವುದಾದರೂ ಗಾಡಿ, ಅಲ್ಲಿಂದ ಮುಂದೆ ಹೆಚ್ಚಾಗಿ ನಡಿಗೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಹುಚ್ಚೆಳ್ಳು ಪುಡಿ. ಒಂದು ಸಲ ದಾರಿ ಬಿಟ್ಟು ಸಿದ್ದಾಪುರದ ಹತ್ತಿರ ಬ್ರಹ್ಮಗಿರಿಯ ಬಂಡೆಯ ಮೇಲಿನ ಹಳೆಯ ಬರಹ ನೋಡಿಕೊಂಡು ಬಂದಿದ್ದರು. ಏನು ಬರೆದಿದೆ ಎಂದು ಕೇಳಿದೆ. 'ಓದಾಕೆ ಬರಲಿಲ್ರಿ. ಕೆತ್ತಿದೋನ ಕೈ ನೋಡ್ದೆ. ಅವಸರ ಇಲ್ಲದ ಕೈ' ಎಂದರು.

ಇನ್ನೂ ಕಡಿಮೆ ಮಾಡಬೇಕೆಂದು ಸಾಹುಕಾರರು ಹಟ ಹಿಡಿದಾಗ ಉಳಿದದ್ದು ಅಂಟು. ಅಲ್ಲಿಯವರೆಗೆ ಮೂವರು ಹೆಂಗಸರು ಕೂತು ಹಿಟ್ಟಿನ ಸರಿ ಬಳಿದು ಚೀಟಿ ಅಂಟಿಸುತ್ತಿದ್ದರು. ಆ ಹಿಟ್ಟಿಗೆ ಜಿರಲೆ ಬಂದು ಉಗ್ರಾಣದಲ್ಲಿದ್ದ ಚೀಟಿಯನ್ನೆಲ್ಲ ತಿಂದುಹಾಕುತ್ತಿದ್ದವು. ಮತ್ತೆ ಹೊಸದು ಹಚ್ಚಬೇಕು. ಮೇಷ್ಟ್ರು ಇದಕ್ಕೂ ಉಪಾಯ ಕಂಡುಹಿಡಿದರು. ಜಾಲಿಯ ಅಂಟನ್ನು ಕರಗಿಸಿ, ಪುಸ್ತಕದ ರಟ್ಟು ಕಟ್ಟುವವರು ಹುಳ ಬೀಳದಿರಲೆಂದು ಮಾಡುವ ಹಾಗೆ ಅದಕ್ಕೆ ನೀಲಿಯ ಮೈಲುತುತ್ತ ಬೆರೆಸಿ, ತಾವಿನ ಬೆನ್ನಿಗೆ ಚಳ್ಳಕೆರೆಯಲ್ಲೇ ಬಳಿದು ಒಣಗಿಸಿ ತರುವುದು. ಇಲ್ಲಿ ಒದ್ದೆ ಬಟ್ಟೆಗೆ ಒತ್ತಿ ಹಚ್ಚಿದರೆ ಆಯಿತು. ಮೂವರ ಕೆಲಸ ಒಬ್ಬಳು ಮಾಡಬಹುದು.

ಇಬ್ಬರನ್ನು ಬಿಡಿಸಿದರು. ಉಳಿದವಳು ಸುಬ್ಬಕ್ಕ. ಮಗ್ಗದವರ ಬೀದಿಯ ವಿಧವೆ, ಮೂವತ್ತರ ಒಳಗಿನವಳು. ಮನೆಯಲ್ಲಿ ತಾಯಿ, ಒಬ್ಬಳು ಮಗಳು. ಮಗಳಿಗೆ ಅದೇ ಬೀದಿಯಲ್ಲಿ ಸಂಬಂಧ ಗೊತ್ತಾಗಿತ್ತು. ಮೇಷ್ಟ್ರು ತಾವೇ ಒಂದು ಮಣ್ಣಿನ ಬಟ್ಟಲಲ್ಲಿ ನೀರು ಹಾಕಿ, ಅದರಲ್ಲಿ ಬಟ್ಟೆ ಅದ್ದಿಟ್ಟು, ಹೇಗೆ ಒತ್ತಬೇಕೆಂದು ಅವಳಿಗೆ ತೋರಿಸಿದರು. 'ಬಾಯಿಗೆ ಮಾತ್ರ ಹಚ್ಚಬ್ಯಾಡವ್ವಾ, ತುತ್ತ ಐತೆ, ವಿಷ' ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಒಂದು ತಿಂಗಳ ಮೇಲೆ ಒದ್ದೆ ಬಟ್ಟೆಯ ನೀರು ತೊಟ್ಟಿಕ್ಕಿ ಒಂದು ಸೀರೆಯ ಸೆರಗಿಗೆ ಕಲೆ ಬಿತ್ತು. ರೇಷ್ಮೆಗೆ ನೀರಿನ ಕಲೆ ಬಿದ್ದರೆ ಹೋಗುವುದಿಲ್ಲ. ಸಾಹುಕಾರರು ಎಲ್ಲರ ಮುಂದೆ ನನ್ನನ್ನು ಬೈದರು. ಅವರು ಆಚೆ ಹೋದ ಮೇಲೆ ನಾನು ಬಟ್ಟಲನ್ನು ಎತ್ತಿ ಹಿತ್ತಿಲ ಬೇಲಿಯಾಚೆಗೆ ಬಿಸಾಡಿದೆ. ನೀರಿಲ್ಲದೆ ಹೇಗೆ ಅಂಟಿಸಲಿ ಎಂದು ಸುಬ್ಬಕ್ಕ ಕೇಳಿದಳು.

'ನಾಲಿಗೆ ಐತಲ್ಲ' ಎಂದೆ.

ಆ ಮಾತು ಆಡಿದಾಗ ನನಗೆ ತುತ್ತದ ನೆನಪಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನೆನಪಿತ್ತು. ಒಂದು ಚೀಟಿಯಲ್ಲಿ ಎಷ್ಟು ಇದ್ದೀತು ಎಂದುಕೊಂಡಿದ್ದೆ. ಅವಳು ದಿನಕ್ಕೆ ಇನ್ನೂರು ಮುನ್ನೂರು ಚೀಟಿ ಹಚ್ಚುತ್ತಿದ್ದಳು ಎಂಬುದನ್ನು ಯೋಚಿಸಲಿಲ್ಲ. ಅದೂ ಸಾಲದೆ, ಜಿರಲೆ ಇನ್ನೂ ಬರುತ್ತಿವೆ ಎಂದು ಸಾಹುಕಾರರು ದೂರಿದ್ದಕ್ಕೆ ಮೇಷ್ಟ್ರು ಆ ನಡುವೆ ತುತ್ತವನ್ನು ಎರಡರಷ್ಟು ಮಾಡಿದ್ದರು. ಬಟ್ಟಲು ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಅವರು ಬಂದ ದಿನ ಕಟ್ಟು ನನ್ನ ಕೈಗೆ ಕೊಟ್ಟು, ಮುಂದಿನ ಬಾಗಿಲಿಂದಲೇ ಹೋಗುತ್ತಿದ್ದರು. ಸುಬ್ಬಕ್ಕ ಕೂರುವುದು ಹಿಂದಿನ ಪಡಸಾಲೆಯಲ್ಲಿ.

'ನೋರಂತಾ ಚೇದು ಸಾಮೀ' ಎಂದಳು ಒಂದು ದಿನ. ಬಾಯೆಲ್ಲ ಕಹಿ ಎಂದು. ಕಿಲುಬು ಹಿಡಿದ ಚೊಂಬಿನಲ್ಲಿ ನೀರು ಕುಡಿದ ಹಾಗೆ ಆಗುತ್ತದೆ ಎಂದಳು. ಪಿತ್ತ ಇರಬೇಕು, ಜೀರಿಗೆ ಕಷಾಯ ಕುಡಿ ಎಂದೆ. ಆಮೇಲೆ ಅನ್ನ ಸೇರದಾಯಿತು. ಕಣ್ಣು ಹಳದಿಯಾಯಿತು. ನಡುನಡುವೆ ಎದ್ದು ಹಿತ್ತಿಲಿಗೆ ಹೋಗಿ ವಾಂತಿ ಮಾಡಿ ಬಂದು, ಬಾಯಿ ಒರೆಸಿಕೊಂಡು ಮತ್ತೆ ಕೂರುತ್ತಿದ್ದಳು. ಕೆಲಸ ಬಿಟ್ಟರೆ ಬಿಡಿಸಿದ ಇಬ್ಬರಲ್ಲಿ ಒಬ್ಬಳು ಬಂದು ಕೂರುತ್ತಾಳೆಂಬ ಭಯ ಅವಳಿಗೆ. ಐದಾರು ತಿಂಗಳು ಹೀಗೇ ನಡೆಯಿತು. ಕೊನೆಗೆ ಹಾಸಿಗೆ ಹಿಡಿದಳು. ಮೂರನೆಯ ದಿನ ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ನೀಲಿ ನೀಲಿಯಾಗಿ ಕಕ್ಕಿಕೊಂಡು ಸತ್ತಳು.

ನೀಲಿ ಕಕ್ಕಿದರೆ ಅದು ತುತ್ತ ಎಂದು ಎಲ್ಲರಿಗೂ ಗೊತ್ತು. ವಿಧವೆ ತುತ್ತ ನುಂಗುವುದು ಯಾಕೆ ಎಂದೂ ಬೀದಿ ತಾನೇ ತೀರ್ಮಾನಿಸಿತು. ಬಸುರಾಗಿದ್ದಳಂತೆ ಎಂದು ಬೆಳಿಗ್ಗೆ ಒಬ್ಬರು ಹೇಳಿದ್ದು ಸಂಜೆಗೆ ಮೂರು ತಿಂಗಳು ತುಂಬಿತ್ತಂತೆ ಎಂದಾಯಿತು. ಹೆಣ ಹೊರಲು ಕುಲದವರು ಬರಲಿಲ್ಲ, ಬೇರೆಯವರು ಹೊತ್ತರು. ಮಗಳ ಸಂಬಂಧ ಮುರಿಯಿತು. ತಾಯಿಯ ಮನೆಗೆ ಬೆಂಕಿ ಕೇಳಲೂ ಯಾರೂ ಹೋಗದಾದರು. ನಾನು ಮಳಿಗೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

ಅವಳು ಸತ್ತ ಆರನೆಯ ದಿನ ಮೇಷ್ಟ್ರು ಬಂದರು. ಸುದ್ದಿ ಕೇಳಿ ಕಟ್ಟನ್ನು ಕೆಳಗಿಟ್ಟು ಸೀದಾ ಹಿಂದಿನ ಪಡಸಾಲೆಗೆ ಹೋದರು. ಅವಳು ಕೂರುತ್ತಿದ್ದ ಮಣೆ, ಅರ್ಧ ಹಚ್ಚಿದ ಚೀಟಿಗಳು ಹಾಗೇ ಇದ್ದವು.

'ಬಟ್ಟಲೆಲ್ಲಿ?' ಎಂದರು.

'ಒಡೆದುಹೋಯ್ತು' ಎಂದೆ.

ಅವರು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ಬಂದರು. ಆಮೇಲೆ ಸಾಹುಕಾರರ ಹತ್ತಿರ ಹೋಗಿ, ಹೊಸಬಳು ಸಿಕ್ಕುವವರೆಗೆ ಚೀಟಿ ತಾವೇ ಹಚ್ಚುವುದಾಗಿ ಹೇಳಿದರು. ಸಂಬಳ ಬೇಡವೆಂದರು. ಸಾಹುಕಾರರಿಗೆ ಇನ್ನೇನು ಬೇಕು.

ಮಾರನೆಯ ದಿನದಿಂದ ಅವರು ಆ ಮಣೆಯ ಮೇಲೆ ಕೂತರು. ಒಂದೊಂದೇ ಚೀಟಿ ಎತ್ತಿ, ನಾಲಿಗೆಗೆ ಎಳೆದು, ಪಟ್ಟಿಗೆ ಒತ್ತುತ್ತಿದ್ದರು. ಮೊದಲ ದಿನ ಹತ್ತಿರ ಹೋಗಿ ನೀರು ಕೊಡಲೇ ಎಂದೆ. ಬೇಡವೆಂದು ತಲೆಯಾಡಿಸಿದರು. ಬೇಡಿ ಮೇಷ್ಟ್ರೇ ಎಂದೆ. 'ಆಕಿ ಹಚ್ಚಿದ್ದು ಹಿಂಗೇ ಏನ್ರಿ?' ಎಂದು ಕೇಳಿದರು. ನಾನು ಮುಂದಿನ ಕೋಣೆಗೆ ಬಂದೆ. ದಿನಕ್ಕೆ ಮುನ್ನೂರು ಚೀಟಿ. ಊಟ ಬಿಟ್ಟರು. ಒಂದು ವಾರಕ್ಕೆ ತುಟಿಯ ಅಂಚು ಹಸಿರಾಯಿತು. ಎರಡನೆಯ ವಾರ ಗೋಡೆ ಹಿಡಿದು ಏಳುತ್ತಿದ್ದರು. ಹೊಸಬಳು ಬರಲೇಬಾರದೆಂದು ಅವರೂ, ಬೇಗ ಬರಲೆಂದು ನಾನೂ ಕಾಯುತ್ತಿದ್ದೆವು. ಮೂರನೆಯ ವಾರದ ಒಂದು ಮಧ್ಯಾಹ್ನ ಎದ್ದು, ಹೆಗಲ ಮೇಲಿನ ಬಿಳಿಯ ವಸ್ತ್ರವನ್ನು ಬಾಯಿಗೆ ಹಿಡಿದು ವಾಂತಿ ಮಾಡಿಕೊಂಡರು. ವಸ್ತ್ರ ನೀಲಿಯಾಯಿತು. ಅದನ್ನು ಮಡಿಸಿ ಕೈಯಲ್ಲಿ ಹಿಡಿದು ಮಗ್ಗದವರ ಬೀದಿಯ ಕಡೆ ಹೊರಟರು.

ಗುಡಿಯ ಜಗಲಿಯ ಮೇಲೆ ಕುಲದ ಯಜಮಾನರಿದ್ದರು. ಜನ ಸೇರಿದರು. ಸಾಹುಕಾರರೂ ಬಂದರು, ಅವರ ಹಿಂದೆ ನಾನು. ಮೇಷ್ಟ್ರು ವಸ್ತ್ರವನ್ನು ಜಗಲಿಯ ಕಲ್ಲಿನ ಮೇಲೆ ಹರಡಿದರು. ಅಂಟಿಗೆ ತುತ್ತ ಹಾಕಿದ್ದು ತಾವು, ಎರಡರಷ್ಟು ಮಾಡಿದ್ದೂ ತಾವು, ಮೂರು ವಾರ ಚೀಟಿ ನೆಕ್ಕಿದ್ದಕ್ಕೆ ತಮಗೆ ಹೀಗಾಗಿದೆ, ಸುಬ್ಬಕ್ಕ ಆರು ತಿಂಗಳು ನೆಕ್ಕಿದ್ದಾಳೆ ಎಂದು ಹೇಳಿದರು. ನಿಲ್ಲಲು ಆಗದೆ ಕಂಬ ಹಿಡಿದಿದ್ದರು.

'ಕಕ್ಕಿದ್ದು ನೋಡಿ ಆಕೀನ ಬಸುರಿ ಅಂದ್ರಿ. ನಾನೂ ಕಕ್ಕೀನಿ ನೋಡ್ರಿ ಸ್ವಾಮಿ. ನಾನೂ ಬಸುರಿಯೇನು?'

ಸುಬ್ಬಕ್ಕನ ತಾಯಿ ಗುಂಪಿನ ಹಿಂದೆ ಮೊಮ್ಮಗಳ ಕೈ ಹಿಡಿದು ನಿಂತಿದ್ದಳು. ಯಜಮಾನರ ಮುಖ ಸ್ವಲ್ಪ ಮೆತ್ತಗಾಯಿತೆಂದು ನನಗನ್ನಿಸಿತು. ಅವರು ನನ್ನ ಕಡೆ ತಿರುಗಿದರು.

'ಏನಯ್ಯಾ ಗುಮಾಸ್ತ, ನೀನು ದಿನಾ ನೋಡ್ತಿದ್ದೋನು. ಅವಳು ನಾಲಿಗೇಲಿ ಹಚ್ಚುತ್ತಿದ್ದಳಾ?'

ಸಾಹುಕಾರರು ನನ್ನನ್ನು ನೋಡಲಿಲ್ಲ. ಕೈಯಲ್ಲಿದ್ದ ಬೆತ್ತದ ಹಿಡಿಯನ್ನು ನೋಡುತ್ತಿದ್ದರು. ನನಗೆ ಆಗ ಹೆಂಡತಿ, ಎರಡು ಕೂಸುಗಳು, ಮಳಿಗೆಯವರೇ ಕೊಟ್ಟ ಮನೆ.

'ನನಗೆ ಗೊತ್ತಿಲ್ರಿ. ಬಟ್ಟಲು ಕೊಟ್ಟಿದ್ವಿ' ಎಂದೆ.

ಮೇಷ್ಟ್ರು ನನ್ನ ಕಡೆ ನೋಡಿದರು. ಕೋಪವಿರಲಿಲ್ಲ. ಮಸಿ ಸರಿಯಾಗಿ ಕೂರದ ತಾವನ್ನು ಕೈಯಲ್ಲಿ ಹಿಡಿದು, ಎಲ್ಲಿ ಬಿಟ್ಟಿದೆ ಎಂದು ನೋಡುವ ನೋಟ ಅದು.

ಅಲ್ಲಿಗೆ ಎಲ್ಲ ತಿರುಗಿತು. ಬಟ್ಟಲು ಇತ್ತೆಂದ ಮೇಲೆ ಅವಳು ನೆಕ್ಕಿದ್ದು ಸುಳ್ಳು. ಅದು ಸುಳ್ಳಾದ ಮೇಲೆ ಈ ಮನುಷ್ಯ ಬೇಕೆಂದೇ ತುತ್ತ ತಿಂದಿದ್ದಾನೆ. ಪರ ಊರಿನವನು, ಹೆಂಡತಿ ಇರುವವನು, ಸತ್ತ ವಿಧವೆಯ ಹೆಸರು ಉಳಿಸಲು ತುತ್ತ ಯಾಕೆ ತಿಂದಾನು? ಗುಂಪಿನ ಹಿಂದಿನಿಂದ ಯಾರೋ ನಕ್ಕರು. ಅಲ್ಲಿಯವರೆಗೆ ಬಸುರಿನ ಕಥೆಗೆ ಗಂಡಸು ಯಾರೆಂದು ಗೊತ್ತಿರಲಿಲ್ಲ, ಈಗ ಸಿಕ್ಕಿದ. ಮೇಷ್ಟ್ರಿಗೆ ಅದು ಅರ್ಥವಾದದ್ದನ್ನು ನಾನು ಕಣ್ಣಾರೆ ಕಂಡೆ. ವಸ್ತ್ರವನ್ನು ಮಡಿಸಿ ಎತ್ತಿಕೊಂಡರು. ಯಾರೋ ಪುಣ್ಯವಂತರು ಗಾಡಿಯಲ್ಲಿ ಮಲಗಿಸಿ ಚಳ್ಳಕೆರೆಗೆ ಕಳಿಸಿದರು. ಅವರಿಗಿಂತ ಮೊದಲೇ ಸುದ್ದಿ ಚಳ್ಳಕೆರೆ ಸೇರಿತ್ತು.

ಸಾಹುಕಾರರು ಚೀಟಿಯನ್ನೇ ಕೈಬಿಟ್ಟರು. ರಾಯದುರ್ಗದಿಂದ ಒಂದು ಮರದ ಮೊಹರು ಕೆತ್ತಿಸಿ ತಂದು, ಕಾಗದದ ಪಟ್ಟಿಯ ಮೇಲೆ ಮಸಿಯಲ್ಲಿ ಒತ್ತಿಸಿದರು. ಅಷ್ಟು ಅಗ್ಗದ್ದು ಇನ್ನೊಂದಿರಲಿಲ್ಲ. ಬಳ್ಳಾರಿಯವರು ಎರಡು ದಿನ ಮುಖ ಸಿಂಡರಿಸಿ ಒಪ್ಪಿಕೊಂಡರು. ಅದನ್ನು ಮೊದಲೇ ಮಾಡಬಹುದಿತ್ತು.

ಎರಡು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟೆ. ಮನಸ್ಸಾಕ್ಷಿಗಾಗಿ ಬಿಟ್ಟೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಅದು ನಿಜವಲ್ಲ. ಸಾಹುಕಾರರ ಅಳಿಯ ಬಂದು ನನ್ನ ಜಾಗದಲ್ಲಿ ಕೂತ. ನಾನು ತಳಕಿಗೆ ಬಂದು ಅಂಗಡಿ ಇಟ್ಟೆ. ಚಳ್ಳಕೆರೆಯ ಗಾಡಿಗಳು ದಿನಾ ಮುಂದೆಯೇ ಹಾಯುತ್ತಿದ್ದವು. ಮೇಷ್ಟ್ರು ಹೇಗಿದ್ದಾರೆ ಎಂದು ಒಬ್ಬರನ್ನೂ ಕೇಳಲಿಲ್ಲ. ಎಂಟು ವರ್ಷ ಕಳೆದ ಮೇಲೆ, ಕೇಳದಿದ್ದರೂ ಒಬ್ಬ ಹೇಳಿದ, ಅವರು ಎದ್ದು ಓಡಾಡುವ ಸ್ಥಿತಿಯಲ್ಲಿಲ್ಲ ಎಂದು. ಆಗ ಹೋದೆ.

ಮನೆಯ ಮುಂದೆ ಕಲ್ಲಚ್ಚಿನ ಯಂತ್ರ ಇರಲಿಲ್ಲ, ಮಾರಿದ್ದರು. ನಾಲ್ಕು ಕಲ್ಲುಗಳಲ್ಲಿ ಒಂದು ಬಚ್ಚಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಅವರು ಹೊರಸಿನ ಮೇಲೆ ಮಲಗಿದ್ದರು. ಕೈಕಾಲು ಕಡ್ಡಿ, ಹೊಟ್ಟೆ ಊದಿತ್ತು. ಮದುವೆಯ ಪತ್ರಿಕೆ ಹಾಕಿಸಲು ಆ ಮನೆಗೆ ಯಾರೂ ಬರುತ್ತಿಲ್ಲವೆಂದು, ಅಂಥವನ ಕೈಯಿಂದ ಬರೆಸಿದರೆ ಶುಭವಲ್ಲವೆಂದು ಊರು ಮಾತಾಡಿಕೊಂಡಿದೆಯೆಂದು ದಾರಿಯಲ್ಲೇ ಕೇಳಿದ್ದೆ. ನನ್ನನ್ನು ಕಂಡು ಅವರು ಎದ್ದು ಕೂರಲು ನೋಡಿದರು. ಹಳೆಯ ಮರ್ಯಾದೆ.

ನಾನು ಸುತ್ತುಬಳಸಿ ಬಹಳ ಮಾತಾಡಿದೆ. ಕೊನೆಗೆ, ಬಟ್ಟಲು ಒಡೆಯಲಿಲ್ಲ, ಬಿಸಾಡಿದವನು ನಾನು, ನಾಲಿಗೆಯಲ್ಲಿ ಹಚ್ಚು ಎಂದವನೂ ನಾನೇ ಎಂದೆ.

'ಗೊತ್ತೈತ್ರಿ' ಎಂದರು. 'ಒಡೆದಿದ್ರೆ ಚೂರಾದ್ರೂ ಸಿಗ್ತಿತ್ತು. ಬೇಲಿ ಆಚೆ ಬಟ್ಟಲು ಇಡಿಯಾಗಿ ಬಿದ್ದಿತ್ತು.'

ಗೊತ್ತಿದ್ದರೆ ಅಂದು ಜಗಲಿಯ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

'ತುತ್ತ ಹಾಕಿದ್ದು ನಾನು. ಅದನ್ನ ನಾನು ಹೇಳ್ದೆ. ನಿಮ್ಮದನ್ನ ನೀವು ಹೇಳ್ತೀರಿ ಅಂದ್ಕೊಂಡಿದ್ದೆ. ನನಗೆ ಹೇಳಿ ಏನು ಬಂತು? ಅಲ್ಲಿಗೆ ಹೋಗಿ ಹೇಳ್ರಿ. ಆ ಹುಡುಗಿ ಇನ್ನೂ ಮನೆಯಾಗೇ ಐತಂತೆ' ಎಂದರು.

ಹೋಗುತ್ತೇನೆ ಎಂದು ಅವರ ಕೈ ಮುಟ್ಟಿ ಹೇಳಿದೆ. ಹೊರಡುವಾಗ ಅವರ ಹೆಂಡತಿ ಬಾಗಿಲ ತನಕ ಬಂದರು. ಒಳಗಿನ ಮಾತೆಲ್ಲ ಅವರಿಗೆ ಕೇಳಿಸಿತ್ತು. 'ನಾನು ಒಂದಿನಾನೂ ನಂಬಲಿಲ್ಲ. ಆದ್ರೆ ಊರಿಗೆ ಹೇಳಾಕೆ ನನ್ನ ಹತ್ರ ಏನೂ ಇರಲಿಲ್ಲ' ಎಂದರು. ಬಿಸಿಲಿದೆ, ನಿಧಾನ ಹೋಗಿ ಎಂದೂ ಹೇಳಿದರು.

ಅವರು ಬದುಕಿರುವವರೆಗೆ ನಾನು ಮೊಳಕಾಲ್ಮೂರಿಗೆ ಹೋಗಲಿಲ್ಲ. ಸುಗ್ಗಿ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಎಂದುಕೊಂಡೇ ಇದ್ದೆ. ಆ ಗಾಡಿಯವನು ಬಂದು ಹೇಳಿ ಬೆಲ್ಲದ ಧಾರಣೆ ಕೇಳಿದ ಮಾರನೆಯ ದಿನ ಹೊರಟೆ.

ಹಳೆಯ ಯಜಮಾನರು ತೀರಿಕೊಂಡಿದ್ದರು. ಮಗ ಆ ಜಾಗದಲ್ಲಿದ್ದ. ಗುಡಿಯ ಜಗಲಿಯ ಮೇಲೆ ಏಳೆಂಟು ಜನ ಗಂಡಸರ ಮುಂದೆ ನಾನು ನಿಂತು ಎಲ್ಲವನ್ನೂ ಹೇಳಿದೆ. ಹೊಸ ಯಜಮಾನ ಕೇಳಿಕೊಂಡು, ಹಳೆಯ ಮಾತು, ಈಗ ಯಾಕೆ ಎಂದ. ಆದರೂ ಒಬ್ಬನನ್ನು ಕಳಿಸಿ ಸುಬ್ಬಕ್ಕನ ತಾಯಿಯನ್ನು ಕರೆಸಿದ. ಮುದುಕಿಗೆ ಕಣ್ಣು ಮಂಜಾಗಿತ್ತು. ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಮತ್ತೊಮ್ಮೆ ಎಂದಳು. ಹೇಳಿದೆ. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ಸಿದ್ಧನಾಗಿಯೇ ಬಂದಿದ್ದೆ.

'ಇಲ್ಲಿ ಹೇಳಿದ್ದು ಗಂಡಸರಿಗೆ ಆಯ್ತು' ಎಂದಳು. 'ನನ್ನ ಬಿಡ್ಡನ್ನ, ನನ್ನ ಮಗಳನ್ನ ಆಡಿಕೊಂಡಿದ್ದು ಮನೆಮನೆ ಒಳಗೆ. ಅಲ್ಲಿ ಹೇಳು, ಬಾ.'

ಬೀದಿಯ ಮೊದಲ ಮನೆಯಿಂದ ಶುರುವಾಯಿತು. ಮುದುಕಿ ಮುಂದೆ, ನಾನು ಹಿಂದೆ. ಪ್ರತಿ ಬಾಗಿಲಲ್ಲಿ ಅವಳು ಒಳಗಿನ ಹೆಂಗಸರನ್ನು ಹೆಸರು ಹಿಡಿದು ಕರೆಯುವಳು. ಅವರು ಹೊಸ್ತಿಲಿಗೆ ಬಂದ ಮೇಲೆ ನನ್ನನ್ನು ಮುಂದಕ್ಕೆ ತಳ್ಳುವಳು. ನಾನು ಯಾರು, ಏನು ಮಾಡಿದೆ, ಜಗಲಿಯ ಮೇಲೆ ಏನು ಸುಳ್ಳು ಹೇಳಿದೆ, ಚಳ್ಳಕೆರೆಯ ಮೇಷ್ಟ್ರು ಎಂಥವರು ಎಂದು ಹೇಳಬೇಕು. ಕೆಲವರು ತಲೆ ತಗ್ಗಿಸಿದರು. ಕೆಲವರಿಗೆ ಸುಬ್ಬಕ್ಕ ಯಾರೆಂದೇ ಮರೆತಿತ್ತು. ಅಂಥವರಿಗೆ ಮುದುಕಿ ನೆನಪು ಮಾಡಿಕೊಡುತ್ತಿದ್ದಳು. ಒಬ್ಬಳು ನನ್ನ ಕಾಲ ಹತ್ತಿರ ಉಗಿದು ಒಳಗೆ ಹೋದಳು. ಮುದುಕಿ ತನ್ನ ಸ್ವಂತ ಮನೆಯ ಮುಂದೆಯೂ ಹೇಳಿಸಿದಳು. ಒಳಗೆ ಗುಂಡಿಮಗ್ಗದಲ್ಲಿ ಕೂತಿದ್ದ ಮೊಮ್ಮಗಳು ಇಪ್ಪತ್ತು ದಾಟಿದವಳು. ಕೇಳುತ್ತಿದ್ದಳು, ಲಾಳಿ ನಿಲ್ಲಿಸಲಿಲ್ಲ.

ಬಿಸಿಲು ನೆತ್ತಿಗೇರಿದಾಗ ಕೊನೆಯ ಮನೆಗೆ ಬಂದೆವು. ಸಂಬಂಧ ಮುರಿದ ಮನೆ ಅದು. ಆ ಹುಡುಗನಿಗೆ ಬೇರೆ ಕಡೆ ಮದುವೆಯಾಗಿ ಮಕ್ಕಳಿದ್ದರು. ನಾವು ಬರುವುದನ್ನು ಕಂಡು ಬಾಗಿಲು ಹಾಕಿಕೊಂಡಿದ್ದರು. ಮುದುಕಿ ಚಿಲಕ ಬಡಿದಳು. ಒಳಗೆ ಪಾತ್ರೆಯ ಸದ್ದು ನಿಂತಿತು, ಬಾಗಿಲು ತೆರೆಯಲಿಲ್ಲ. ನಾಳೆ ಬರೋಣ ಅವ್ವಾ ಎಂದೆ.

'ಚೆಪ್ಪು' ಎಂದಳು. ಹೇಳು ಎಂದು.

ಅವಳು ಮೆಟ್ಟಿಲ ಮೇಲೆ ಕೂತಳು. ನಾನು ಮುಚ್ಚಿದ ಬಾಗಿಲಿನ ಎದುರು ನಿಂತು, ಒಳಗಿದ್ದವರಿಗೆ ಕೇಳಿಸು‌ವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳತೊಡಗಿದೆ.